ಬಣ್ಣ ಒಂದೇ, ಬೆಳಕು ಹಲವು

ಅಮೂರ್ತ ಚಿತ್ರಗಳ ರಚನೆಯ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಕೇಳಿದವರು ಬೇರೆ ಬೇರೆಯಾದರೂ ಎಲ್ಲ ಪ್ರಶ್ನೆಗಳೂ ಕೊನೆಗೆ ಬೆಳಕಿನ ಬಳಿಗೇ ಬಂದು ನಿಲ್ಲುತ್ತವೆ.

ಪ್ರಶ್ನೆ: ಅಮೂರ್ತ ಚಿತ್ರ ಬರೆಯುವಾಗ ಮನಸ್ಸಿನಲ್ಲಿ ಮೊದಲೇ ಒಂದು ರೂಪ ಇರುತ್ತದೆಯೇ? ಅಥವಾ ಕ್ಯಾನ್ವಾಸಿನ ಮೇಲೆ ತಾನಾಗಿ ಮೂಡಿದ್ದನ್ನೇ ಚಿತ್ರವೆಂದು ಒಪ್ಪಿಕೊಳ್ಳುತ್ತೀರಾ?

ಉತ್ತರ: ನನ್ನ ಮಟ್ಟಿಗೆ ಚಿತ್ರ ಹುಟ್ಟುವುದು ಎರಡು ಬಣ್ಣಗಳ ನಡುವಿನ ಸಂಬಂಧದಿಂದ. ಈಚೆಗೆ ಮುಗಿಸಿದ ಒಂದು ಚಿತ್ರದ ಮೂಲದಲ್ಲಿ ಇದ್ದದ್ದು ಒಂದು ಸಣ್ಣ ಕುತೂಹಲ ಮಾತ್ರ. ಇಟ್ಟಿಗೆಗೆಂಪಿನ ಪಕ್ಕದಲ್ಲಿ ಶುದ್ಧವಾದ ಬೂದು ಬಣ್ಣವನ್ನು ಹಚ್ಚಿದರೆ ಆ ಬೂದು ತುಸು ಹಸಿರಿನ ಕಡೆಗೆ ವಾಲಿದಂತೆ ಕಾಣುತ್ತದೆ. ಈ ಸಂಗತಿಯನ್ನು ಶಾಸ್ತ್ರೀಯವಾಗಿ ವಿವರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್. ಗೋಬ್ಲೆನ್ ನೇಯ್ಗೆಯ ಕಾರ್ಖಾನೆಯಲ್ಲಿ ಕಪ್ಪು ನೂಲು ಸಪ್ಪೆಯಾಗಿದೆಯೆಂಬ ದೂರು ಬಂದಾಗ, ದೋಷವಿರುವುದು ಬಣ್ಣದಲ್ಲಲ್ಲ, ಅದರ ನೆರೆಯಲ್ಲಿರುವ ಬೇರೆ ಬಣ್ಣಗಳ ಪ್ರಭಾವದಲ್ಲಿ ಎಂದು ಆತ ಕಂಡುಕೊಂಡ. 1839ರಲ್ಲಿ ಪ್ರಕಟವಾದ ಅವನ ಗ್ರಂಥದ ತಿರುಳು ಇದೇ. ಅಮೂರ್ತ ಚಿತ್ರದಲ್ಲಿ ಮರ, ಮನೆ, ಮುಖಗಳ ಆಸರೆ ಇರುವುದಿಲ್ಲವಾದ್ದರಿಂದ ಇಂಥ ಸಂಬಂಧಗಳೇ ಇಡೀ ಚಿತ್ರವನ್ನು ಹೊತ್ತು ನಿಲ್ಲಬೇಕಾಗುತ್ತದೆ.

ಕೆಲಸದ ಕ್ರಮವನ್ನೂ ಹೇಳುತ್ತೇನೆ. ಕ್ಯಾನ್ವಾಸಿಗೆ ಎರಡು ಮೂರು ಸಲ ಗೆಸ್ಸೊ ಎಂಬ ಬಿಳಿಯ ತಳಲೇಪವನ್ನು ಬಳಿದು, ಒಣಗಿದ ಮೇಲೆ ಮರಳುಕಾಗದದಿಂದ ನಯವಾಗಿ ಉಜ್ಜಿ, ಅದರ ಮೇಲೆ ಕಾವಿಯನ್ನು ನೀರಿನಷ್ಟು ತೆಳುವಾಗಿ ಹರಡುತ್ತೇನೆ. ಮರುದಿನ ಪ್ಯಾಲೆಟ್ ನೈಫ್ ಎಂಬ ಅಗಲವಾದ ಚಪ್ಪಟೆ ಅಲಗಿನಿಂದ ಬೂದು ಬಣ್ಣವನ್ನು ಎಳೆಯುತ್ತೇನೆ. ಕೆಲವು ಕಡೆ ಅದು ದಪ್ಪನಾಗಿ ಕೂರುತ್ತದೆ. ಕೆಲವು ಕಡೆ ಕ್ಯಾನ್ವಾಸಿನ ಎಳೆಗಳ ತುದಿಗೆ ಮಾತ್ರ ತಾಗಿ, ನಡುವಿನ ಕುಳಿಗಳಲ್ಲಿ ಕಾವಿ ಹಾಗೆಯೇ ಉಳಿಯುತ್ತದೆ. ಇಲ್ಲಿಂದ ಮುಂದೆ ಯೋಜನೆಗಿಂತ ನೋಟಕ್ಕೆ ಹೆಚ್ಚು ಕೆಲಸ. ಬೇಡವಾದದ್ದನ್ನು ಬಟ್ಟೆಯಿಂದ ಒರೆಸುತ್ತೇನೆ, ಕೆರೆಯುತ್ತೇನೆ, ಮತ್ತೆ ಹಚ್ಚುತ್ತೇನೆ. ಕುಂಚ ಹಿಡಿದ ಹೊತ್ತಿಗಿಂತ ಐದು ಹೆಜ್ಜೆ ಹಿಂದೆ ಕುಳಿತು ಸುಮ್ಮನೆ ನೋಡುವ ಹೊತ್ತೇ ಹೆಚ್ಚು. ಭಾರತದ ಅಮೂರ್ತ ಚಿತ್ರಕಾರ ವಿ.ಎಸ್. ಗಾಯ್ತೊಂಡೆಯವರು (1924–2001) ರೋಲರ್ ಮತ್ತು ಪ್ಯಾಲೆಟ್ ನೈಫುಗಳಿಂದ ಬಣ್ಣ ಹಚ್ಚಿ, ಕಾಗದದ ತುಂಡುಗಳನ್ನು ಒತ್ತಿ ಆ ಬಣ್ಣವನ್ನೇ ಎತ್ತುತ್ತಿದ್ದರು. ವರ್ಷವೊಂದರಲ್ಲಿ ಅವರು ಪೂರೈಸುತ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. ಅವರ ಚಿತ್ರಗಳಲ್ಲಿ ಬೆಳಕು ಒಳಗಿನಿಂದ ಬರುವಂತೆ ತೋರುವುದಕ್ಕೆ ಕಾರಣವಿದೆ. ಪಾರದರ್ಶಕವಾದ ತೆಳುಪದರಗಳನ್ನು ಹಾದುಹೋದ ಬೆಳಕು ಕೆಳಗಿನ ತಿಳಿಯಾದ ನೆಲೆಗೆ ತಾಗಿ ಹಿಂದಿರುಗುವಾಗ ಅದೇ ಬಣ್ಣವನ್ನು ಮತ್ತೊಮ್ಮೆ ಹಾಯ್ದು ನಮ್ಮ ಕಣ್ಣಿಗೆ ಬರುತ್ತದೆ. ಆದ್ದರಿಂದ ಬೆಳಕು ಬಣ್ಣದ ಜೊತೆಗೇ ಸೇರಬೇಕಾದ ಒಂದು ಸಾಮಗ್ರಿ ಎಂದೇ ನಾನು ನಂಬಿದ್ದೇನೆ.

ಪ್ರಶ್ನೆ: ಹಗಲು ಉದ್ಯೋಗವಿರುವುದರಿಂದ ನಾನು ರಾತ್ರಿ ಮಾತ್ರ ಚಿತ್ರ ಬರೆಯುತ್ತೇನೆ. ರಾತ್ರಿ ತೃಪ್ತಿ ಕೊಟ್ಟ ಬಣ್ಣಗಳು ಬೆಳಿಗ್ಗೆ ಬೇರೆಯೇ ಆಗಿ ಕಾಣುತ್ತವೆ. ತಪ್ಪು ನನ್ನ ಕಣ್ಣಿನದೋ, ಬಣ್ಣದ್ದೋ?

ಉತ್ತರ: ನಿಮ್ಮ ದೀಪದ್ದು. ಈ ಪೆಟ್ಟನ್ನು ನಾನೂ ತಿಂದಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ದೊಡ್ಡ ಕ್ಯಾನ್ವಾಸಿನ ಮೇಲ್ಭಾಗವನ್ನು ಬೆಚ್ಚನೆಯ ಹಳದಿ ಬಲ್ಬಿನ ಕೆಳಗೆ ಮೂರು ರಾತ್ರಿ ಕುಳಿತು ಮುಗಿಸಿದೆ. ಬಿಳಿಯ ಮೇಲೆ ನಿಂಬೆಹಳದಿಯ ತೆಳುಲೇಪವನ್ನು ಎಳೆದದ್ದು ಕಣ್ಣಿಗೆ ಕಾಣಿಸುತ್ತಲೇ ಇರಲಿಲ್ಲವಾದ್ದರಿಂದ ಇನ್ನಷ್ಟು, ಮತ್ತಷ್ಟು ಎಂದು ಹಚ್ಚುತ್ತಲೇ ಹೋದೆ. ನಾಲ್ಕನೆಯ ದಿನ ಬೆಳಿಗ್ಗೆ ಕಿಟಕಿ ತೆರೆದಾಗ, ಮಂಜಿನಂತೆ ತಣ್ಣಗಿರಬೇಕಿದ್ದ ಆ ಭಾಗವೆಲ್ಲ ಅರಿಶಿನ ಕದಡಿದಂತಿತ್ತು. ಕೆಳಗೆ ಕಪ್ಪೆಂದು ನಾನು ತಿಳಿದು ಬಿಟ್ಟಿದ್ದ ಪಟ್ಟಿಯೊಂದು ಕಡುನೀಲಿಯಾಗಿತ್ತು.

ಇದರ ಕಾರಣ ಸರಳವಾದದ್ದು. ಬೆಚ್ಚನೆಯ ಬಲ್ಬಿನ ಬೆಳಕಿನ ವರ್ಣತಾಪ ಸುಮಾರು 2700 ಕೆಲ್ವಿನ್. ಮೋಡ ಕವಿದ ಹಗಲಿನದು ಸುಮಾರು 6500 ಕೆಲ್ವಿನ್. ಸಂಖ್ಯೆ ಕಡಿಮೆಯಾದಷ್ಟೂ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ದೀಪದಲ್ಲೇ ನೀಲಿ ಅಷ್ಟು ಕಡಿಮೆಯಿದ್ದ ಮೇಲೆ ಅಲ್ಟ್ರಾಮರೀನ್ ಎಂಬ ಕಡುನೀಲಿ ಬಣ್ಣವು ಹಿಂದಕ್ಕೆ ಕಳುಹಿಸುವುದಾದರೂ ಏನನ್ನು? ಅದು ಕಪ್ಪಾಗುತ್ತದೆ. ಬಿಳಿಗೂ ತಿಳಿಹಳದಿಗೂ ಇರುವ ಅಂತರವೆಲ್ಲ ಆ ನೀಲಿ ಭಾಗದಲ್ಲೇ ಇರುವುದರಿಂದ ಅವೆರಡೂ ಒಂದೇ ಆಗಿ ತೋರುತ್ತವೆ. ಕಣ್ಣು ಹೊಂದಿಕೊಳ್ಳುವುದರಲ್ಲಿ ನಿಪುಣವಾದದ್ದು. ಹಳದಿ ದೀಪದಲ್ಲೂ ಕಾಗದವನ್ನು ಬಿಳಿಯೆಂದೇ ನಮಗೆ ತೋರಿಸುತ್ತದೆ. ಆ ಹೊಂದಾಣಿಕೆಯೇ ಚಿತ್ರಕಾರನನ್ನು ದಾರಿ ತಪ್ಪಿಸುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಕಪ್ಪು ಮತ್ತು ಬಿಳಿ ಬೆರೆಸಿ ಒಂದು ಬೂದು ಮಾಡಿ. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಮತ್ತು ಬಿಳಿ ಬೆರೆಸಿ ಇನ್ನೊಂದು ಬೂದು ಮಾಡಿ. ರಾತ್ರಿಯ ದೀಪದಲ್ಲಿ ಇವೆರಡನ್ನೂ ಒಂದಕ್ಕೊಂದು ಸರಿಯಾಗಿ ಹೊಂದಿಸಿದರೂ ಹಗಲಿನಲ್ಲಿ ಅವು ಬೇರೆಬೇರೆಯಾಗಿ ಕಾಣಬಹುದು. ಒಂದು ಬೆಳಕಿನಲ್ಲಿ ಕೂಡಿ, ಇನ್ನೊಂದರಲ್ಲಿ ಅಗಲುವ ಬಣ್ಣಗಳ ಈ ಗುಣಕ್ಕೆ ಮೆಟಾಮೆರಿಸಂ ಎಂಬ ಹೆಸರಿದೆ. ಬೂದು ಬಣ್ಣಗಳ ಅತಿ ಸಣ್ಣ ವ್ಯತ್ಯಾಸಗಳ ಮೇಲೆಯೇ ನಿಂತಿರುವ ಚಿತ್ರವನ್ನು ಇದು ಒಂದೇ ರಾತ್ರಿಯಲ್ಲಿ ಕೆಡಿಸಬಲ್ಲದು.

ನೀವು ಮಾಡಬಹುದಾದದ್ದು ಇಷ್ಟು. 5000 ಕೆಲ್ವಿನ್ ಆಸುಪಾಸಿನ ಎಲ್‌ಇಡಿ ದೀಪವನ್ನು ಆರಿಸಿಕೊಳ್ಳಿ. ಬಣ್ಣಗಳನ್ನು ನಿಜವಾಗಿ ತೋರಿಸುವ ಸಾಮರ್ಥ್ಯವನ್ನು ಅಳೆಯುವ ಸಿಆರ್‌ಐ ಎಂಬ ಅಂಕ 100ಕ್ಕೆ 95ರಷ್ಟಾದರೂ ಇರಲಿ. ಆದರೆ ಈ ಅಂಕವು ಎಂಟು ಮೆದು ಬಣ್ಣಗಳ ಸರಾಸರಿಯಾಗಿರುವುದರಿಂದ, ಕಡುಗೆಂಪನ್ನು ಹೆಚ್ಚಾಗಿ ಬಳಸುವವರು ಆರ್9 ಎಂಬ ಪ್ರತ್ಯೇಕ ಅಂಕವನ್ನೂ ಗಮನಿಸಬೇಕು. ಕ್ಯಾನ್ವಾಸಿನ ಮೇಲೂ ಪ್ಯಾಲೆಟ್ ಮೇಲೂ ಒಂದೇ ದೀಪದ ಬೆಳಕು ಬೀಳಬೇಕು. ಅಷ್ಟೇ ಮುಖ್ಯವಾಗಿ, ನೀವು ತೊಟ್ಟ ಅಂಗಿಯ ಬಣ್ಣವನ್ನೂ ನೋಡಿಕೊಳ್ಳಿ. ಗಾಢ ಕೆಂಪಂಗಿ ತೊಟ್ಟು ಹಸಿ ಎಣ್ಣೆಬಣ್ಣದ ಮುಂದೆ ನಿಂತರೆ ಅದರ ಪ್ರತಿಫಲನ ಚಿತ್ರದ ಮೇಲೆ ಮೂಡುತ್ತದೆ. ನಾನು ಕೆಲಸಕ್ಕೆ ಬೂದಂಗಿಯನ್ನೇ ತೊಡುತ್ತೇನೆ.

ಹಗಲು ಕೆಲಸ ಮಾಡುವ ಅವಕಾಶವಿರುವವರಿಗೆ ಉತ್ತರ ದಿಕ್ಕಿನ ಕಿಟಕಿಯೇ ಒಳ್ಳೆಯದೆಂಬ ಮಾತು ಉತ್ತರ ಗೋಳಾರ್ಧದಲ್ಲಿ ಹಳೆಯದು, ಏಕೆಂದರೆ ಅಲ್ಲಿ ನೇರ ಬಿಸಿಲು ಬೀಳದೆ ಆಕಾಶದ ಬೆಳಕು ಏರುಪೇರಿಲ್ಲದೆ ಬರುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವ ಪ್ರದೇಶಗಳಲ್ಲಿ ಮಾತ್ರ ವರ್ಷದ ಕೆಲವು ವಾರ ನಡುಹಗಲಿನ ಸೂರ್ಯನೂ ಉತ್ತರಕ್ಕೆ ವಾಲುವುದರಿಂದ ಆ ಕಿಟಕಿಗೂ ತೆಳುವಾದ ಬಿಳಿಪರದೆ ಬೇಕಾಗುತ್ತದೆ.

ಪ್ರಶ್ನೆ: ಅಕ್ರಿಲಿಕ್ ಬಣ್ಣ ಹಚ್ಚಿದಾಗ ಇದ್ದ ಹೊಳಪು ಒಣಗಿದ ಮೇಲೆ ಮಂಕಾಗಿ ಗಾಢವಾಗುತ್ತದೆ. ಇದೂ ಬೆಳಕಿನ ದೋಷವೇ?

ಉತ್ತರ: ಅಲ್ಲ. ಅಕ್ರಿಲಿಕ್ ಬಣ್ಣವನ್ನು ಹಿಡಿದಿಡುವ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬಿಳುಪಾಗಿರುತ್ತದೆ. ನೀರು ಆರಿದಂತೆ ಅದು ಪಾರದರ್ಶಕವಾಗಿ ಬಣ್ಣದ ನಿಜವಾದ ಗಾಢತೆ ಹೊರಬರುತ್ತದೆ. ಬೆರೆಸಿದ ಬಣ್ಣವನ್ನು ಕಾಗದದ ತುಂಡಿಗೆ ಹಚ್ಚಿ, ಒಣಗಿಸಿ ನೋಡಿದ ನಂತರವೇ ಕ್ಯಾನ್ವಾಸಿಗೆ ಹೋಗಿ.

ಪ್ರಶ್ನೆ: ಗ್ಯಾಲರಿಯಲ್ಲಿ ಮೆಚ್ಚಿ ಕೊಂಡ ಅಮೂರ್ತ ಚಿತ್ರವೊಂದು ನಮ್ಮ ಮನೆಯ ಗೋಡೆಯ ಮೇಲೆ ಸಪ್ಪೆಯಾಗಿ ಕಾಣುತ್ತಿದೆ. ಹೆಚ್ಚು ಪ್ರಖರವಾದ ದೀಪ ಹಾಕಿಸಬೇಕೇ?

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ಸಪ್ಪೆಯಾಗಿ ಕಾಣುವ ಚಿತ್ರಕ್ಕೆ ಬೇಕಾಗಿರುವುದು ಹಲವು ಸಲ ಬೇರೆ ದಿಕ್ಕಿನ ಬೆಳಕು. ಗೋಡೆಯೊಂದಿಗೆ ಸುಮಾರು 30 ಡಿಗ್ರಿ ಕೋನದಲ್ಲಿ ಮೇಲಿನಿಂದ ಓರೆಯಾಗಿ ಬೀಳುವ ಬೆಳಕು ಹೆಚ್ಚಿನ ಚಿತ್ರಗಳಿಗೆ ಒಗ್ಗುತ್ತದೆ. ದೀಪವನ್ನು ಗೋಡೆಗೆ ತೀರಾ ಒತ್ತಿಟ್ಟರೆ ಬಣ್ಣದ ಪ್ರತಿಯೊಂದು ಉಬ್ಬಿಗೂ ಉದ್ದನೆಯ ನೆರಳು ಬೀಳುತ್ತದೆ. ತೀರಾ ಎದುರಿಗಿಟ್ಟರೆ ವಾರ್ನಿಷಿನ ಹೊಳಪು ನೋಡುವವರ ಕಣ್ಣಿಗೇ ಹೊಡೆಯುತ್ತದೆ. ಒಮ್ಮೆ ನನ್ನ ಪ್ರದರ್ಶನವೊಂದರಲ್ಲಿ ದೀಪಗಳನ್ನು ಗೋಡೆಯಿಂದ ಗೇಣುದೂರದಲ್ಲಿ ಅಳವಡಿಸಿದ್ದರು. ಹತ್ತು ಪದರಗಳಲ್ಲಿ ಮೆಲ್ಲನೆ ಕೂಡಿಸಿದ ಬಣ್ಣವನ್ನು ಯಾರೂ ನೋಡಲಿಲ್ಲ. ಬಂದವರೆಲ್ಲ ಪ್ಯಾಲೆಟ್ ನೈಫಿನ ಗೀರುಗಳ ಬಗ್ಗೆಯೇ ಕೇಳಿದರು. ಆ ಸಂಜೆಯ ಸಂಕಟ ನನಗೆ ಇಂದಿಗೂ ಹಸಿಯಾಗಿದೆ.

ಮೇಲ್ಮೈಯ ಉಬ್ಬುತಗ್ಗುಗಳೇ ಚಿತ್ರವಾಗಿರುವ ಕಡೆ ಇದೇ ಓರೆ ಬೆಳಕು ವರವಾಗುತ್ತದೆ ಎಂಬುದನ್ನೂ ಹೇಳಬೇಕು. ಫ್ರಾನ್ಸಿನ ಪಿಯೆರ್ ಸುಲಾಜ್ 1979ರಿಂದ ಮುಂದೆ ದಪ್ಪನೆಯ ಕಪ್ಪು ಬಣ್ಣವನ್ನೇ ಹಚ್ಚಿ, ಅದರಲ್ಲಿ ಗೆರೆಗಳನ್ನು ಗೀರಿ ಚಿತ್ರಗಳನ್ನು ಮಾಡಿದರು. ನೋಡುವವರು ಎರಡು ಹೆಜ್ಜೆ ಸರಿದರೆ ಸಾಕು, ಕಪ್ಪಾಗಿದ್ದ ಪಟ್ಟಿ ಬೆಳ್ಳಿಯಾಗುತ್ತದೆ, ಬೆಳ್ಳಿಯಾಗಿದ್ದದ್ದು ಆರಿಹೋಗುತ್ತದೆ.

ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೋ ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ ನಡೆದವರು. 1961ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ತಮ್ಮ ಚಿತ್ರಗಳು ಪ್ರದರ್ಶನಗೊಂಡಾಗ, ಗೋಡೆಗಳು ಅಚ್ಚಬಿಳಿಯಾಗಿರದೆ ತುಸು ಕಂದು ಬೆರೆತಿರಬೇಕು, ಬೆಳಕು ಪ್ರಖರವಾಗಿರಬಾರದು, ಚಿತ್ರಗಳು ನೆಲಕ್ಕೆ ಹತ್ತಿರವಾಗಿರಬೇಕು ಎಂಬ ಸೂಚನೆಗಳನ್ನು ಅವರು ಕಳುಹಿಸಿದ್ದರು. ನ್ಯೂಯಾರ್ಕಿನ ತಮ್ಮ ಸ್ಟುಡಿಯೊದ ಚಾವಣಿಯಿಂದ ಬರುವ ಬೆಳಕನ್ನು ಹದಗೊಳಿಸಲು ಪ್ಯಾರಾಚೂಟಿನ ಬಟ್ಟೆಯನ್ನೇ ಕಟ್ಟಿದ್ದರು. ಅಲ್ಲಿ ರೂಪುಗೊಂಡ 14 ಚಿತ್ರಗಳು ಟೆಕ್ಸಾಸಿನ ಹ್ಯೂಸ್ಟನ್ ನಗರದ ಪ್ರಾರ್ಥನಾಮಂದಿರವನ್ನು ಸೇರಿದವು. 1971ರಲ್ಲಿ ಅದು ತೆರೆದಾಗ ರಾಥ್ಕೋ ತೀರಿಕೊಂಡು ಒಂದು ವರ್ಷವಾಗಿತ್ತು. ಟೆಕ್ಸಾಸಿನ ಬಿಸಿಲು ನ್ಯೂಯಾರ್ಕಿನದಕ್ಕಿಂತ ಬಹಳ ಚುರುಕಾದದ್ದು. ಚಾವಣಿಗೆ ಅಡ್ಡತಡೆಗಳನ್ನು ಕಟ್ಟಿ, ಹತ್ತಾರು ವರ್ಷ ಹೆಣಗಿ, ಕೊನೆಗೆ 2020ರಲ್ಲಿ ಚಾವಣಿಯ ವಿನ್ಯಾಸವನ್ನೇ ಬದಲಿಸಿ ಅದನ್ನು ಮತ್ತೆ ತೆರೆಯಬೇಕಾಯಿತು.

ಬೆಳಕು ಚಿತ್ರವನ್ನು ತೋರಿಸುವಂತೆಯೇ ಸವೆಸುತ್ತದೆ. ರಾಥ್ಕೋ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಬರೆದ, 1964ರಲ್ಲಿ ಅಲ್ಲಿ ತೂಗುಹಾಕಿದ ಐದು ಚಿತ್ರಗಳು ದೊಡ್ಡ ಕಿಟಕಿಗಳಿದ್ದ ಭೋಜನಶಾಲೆಯಲ್ಲಿದ್ದು, ಲಿಥಾಲ್ ರೆಡ್ ಎಂಬ ಬಾಳಿಕೆಯಿಲ್ಲದ ಕೆಂಪು ಬಿಸಿಲಿಗೆ ಮಾಸಿಹೋಯಿತು. 2014ರಲ್ಲಿ ಅವನ್ನು ಮತ್ತೆ ಪ್ರದರ್ಶಿಸಿದಾಗ ಕ್ಯಾನ್ವಾಸನ್ನು ಮುಟ್ಟದೆ, ಕಳೆದುಹೋದ ಬಣ್ಣವನ್ನು ಪ್ರೊಜೆಕ್ಟರಿನ ಬೆಳಕಿನಿಂದಲೇ ತುಂಬಿಸಿ ತೋರಿಸಿದರು. ಬೆಳಕು ಕಸಿದುಕೊಂಡದ್ದನ್ನು ಬೆಳಕೇ ಹಿಂದಕ್ಕೆ ಕೊಟ್ಟ ಈ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ.

ನಿಮ್ಮ ಮನೆಯ ಮಟ್ಟಿಗೆ, ನೇರ ಬಿಸಿಲು ಎಂದೂ ಬೀಳದ ಗೋಡೆಯನ್ನು ಹುಡುಕಿ. ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಎಣ್ಣೆಚಿತ್ರಗಳಿಗೆ 200 ಲಕ್ಸ್, ಜಲವರ್ಣಕ್ಕೆ 50 ಲಕ್ಸ್ ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ (ಲಕ್ಸ್ ಎಂದರೆ ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ). ಹಾನಿಯು ಬೆಳಕಿನ ತೀವ್ರತೆ ಮತ್ತು ಅದು ಬಿದ್ದ ಗಂಟೆಗಳು ಎರಡನ್ನೂ ಅವಲಂಬಿಸಿರುವುದರಿಂದ, ನೋಡುವವರಿಲ್ಲದಾಗ ದೀಪ ಆರಿಸಿ. ಹಾಗೆಂದು ಎಣ್ಣೆಚಿತ್ರವನ್ನು ಬಟ್ಟೆ ಸುತ್ತಿ ಕತ್ತಲೆಯಲ್ಲಿ ಇಡಬಾರದು. ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಗಟ್ಟುತ್ತದೆ. ಹಾಗಾಗಿದ್ದರೆ ಕೆಲವು ವಾರ ಬಿಸಿಲು ತಾಗದ ಬೆಳಕಿನ ಕೋಣೆಯಲ್ಲಿಡಿ, ಬಹುಪಾಲು ತಿಳಿಯಾಗುತ್ತದೆ.

ಪ್ರಶ್ನೆ: ಅಮೂರ್ತ ಚಿತ್ರ ಮುಗಿಯಿತೆಂದು ಹೇಗೆ ತಿಳಿಯುತ್ತದೆ?

ಉತ್ತರ: ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬರಾದ ರಷ್ಯಾದ ವಾಸಿಲಿ ಕಂಡಿನ್‌ಸ್ಕಿ 1913ರಲ್ಲಿ ತಮ್ಮ ನೆನಪುಗಳನ್ನು ಬರೆಯುತ್ತಾ ಮ್ಯೂನಿಕ್‌ನಲ್ಲಿ ನಡೆದ ಘಟನೆಯೊಂದನ್ನು ಹೇಳಿದ್ದಾರೆ. ಮುಸ್ಸಂಜೆಯಲ್ಲಿ ಸ್ಟುಡಿಯೊಗೆ ಮರಳಿದಾಗ, ಒಳಗಿನಿಂದ ಉರಿಯುತ್ತಿರುವಂತಹ, ಏನೆಂದು ಗುರುತು ಹತ್ತದ ಅಪೂರ್ವ ಚಿತ್ರವೊಂದು ಅವರ ಕಣ್ಣಿಗೆ ಬಿತ್ತು. ಅದು ಗೋಡೆಗೆ ಪಕ್ಕವಾಗಿ ಒರಗಿಸಿದ್ದ ಅವರದೇ ಚಿತ್ರವಾಗಿತ್ತು. ಮರುದಿನ ಹಗಲಿನಲ್ಲಿ ಅದೇ ಅನುಭವಕ್ಕಾಗಿ ಪ್ರಯತ್ನಿಸಿದರೆ ವಸ್ತುಗಳ ಗುರುತು ಹತ್ತುತ್ತಲೇ ಇತ್ತು. ಮುಸ್ಸಂಜೆಯ ಆ ಬೆಳಕೂ ಇರಲಿಲ್ಲ. ಬೆಳಕು ಕುಗ್ಗಿದಂತೆ ಕಣ್ಣಿಗೆ ಕೆಂಪು ಬೇಗ ಕಪ್ಪಾಗಿ, ನೀಲಿ ಮತ್ತು ಹಸಿರು ಹೆಚ್ಚು ಹೊತ್ತು ಹೊಳೆಯುತ್ತಿರುತ್ತವೆ. 19ನೆಯ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ ಈ ಗುಣದಿಂದಾಗಿ ಮುಸ್ಸಂಜೆಯಲ್ಲಿ ಪ್ರತಿಯೊಂದು ಚಿತ್ರವೂ ತನ್ನ ಬಣ್ಣಗಳ ತೂಕವನ್ನು ಬದಲಿಸಿಕೊಳ್ಳುತ್ತದೆ.

ನಾನು ಮುಗಿಯಿತೆನಿಸಿದ ಚಿತ್ರವನ್ನು ಒಂದು ವಾರ ಕೆಲಸದ ಜಾಗದಿಂದ ತೆಗೆದು, ದಿನವೂ ಓಡಾಡುವ ದಾರಿಯಲ್ಲಿ ಇಡುತ್ತೇನೆ. ಬೆಳಗಿನ ಎಳೆಬೆಳಕಿನಲ್ಲಿ, ನಡುಹಗಲಿನಲ್ಲಿ, ದೀಪ ಹಚ್ಚಿದ ಮೇಲೆ, ದೀಪ ಹಚ್ಚುವ ಮುನ್ನಿನ ಆ ಹದಿನೈದು ನಿಮಿಷಗಳಲ್ಲಿ ಅದನ್ನು ಹಾದುಹೋಗುತ್ತಾ ನೋಡುತ್ತೇನೆ. ಎಲ್ಲ ಬೆಳಕಿನಲ್ಲೂ ಅದು ಒಂದೇ ರೀತಿ ಕಾಣಬೇಕೆಂಬ ಹಟ ನನಗಿಲ್ಲ. ಕಾವಿಯ ಪಟ್ಟಿ ಸಂಜೆ ಹಿಂದೆ ಸರಿದು ಬೂದು ಮುಂದೆ ಬಂದರೆ ಬರಲಿ. ಆದರೆ ಆಗಲೂ ಚಿತ್ರ ಒಂದು ಕಡೆ ಕುಸಿಯದೆ ನಿಂತಿರಬೇಕು. ಈಚೆಗಿನ ಚಿತ್ರದಲ್ಲಿ ಬಲಗಡೆಯ ಕೆಳಮೂಲೆ ಐದು ದಿನವೂ ಮುಸ್ಸಂಜೆಯಲ್ಲಿ ಗುಂಡಿಯಂತೆ ಕಪ್ಪಾಗುತ್ತಿತ್ತು. ಆರನೆಯ ದಿನ ಅಲ್ಲಿಗೆ ಬೆರಳಗಲದಷ್ಟು ತಿಳಿಬೂದನ್ನು ಹಚ್ಚಿ ಬಟ್ಟೆಯಿಂದ ಅರ್ಧ ಒರೆಸಿದೆ. ಅದಾದ ಮೇಲೆ ಕೈ ಹಚ್ಚಿಲ್ಲ.