ಕಕ್ಕಡ 18ರ ಮದ್ದು ಸೊಪ್ಪು

ಪ್ರಶ್ನೆ: ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) 18ರಂದು ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುವುದು ಔಷಧ ಮೈಗೆ ಹತ್ತಿದ್ದರ ಗುರುತೇ? ಸೊಪ್ಪನ್ನು ಒಣಗಿಸಿಟ್ಟು ವರ್ಷವಿಡೀ ಸೇವಿಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸೊಪ್ಪನ್ನು ದಂಟುಸಹಿತ ಕುದಿಸಿದಾಗ ನೀರಿಗಿಳಿಯುವ ಕಡುನೇರಳೆ ಬಣ್ಣವೇ ಮೂತ್ರದಲ್ಲಿಯೂ ಹೊರಬೀಳುವುದರಿಂದ, ಅದು ಬಣ್ಣ ದೇಹವನ್ನು ಹಾದುಹೋದುದರ ಗುರುತಷ್ಟೇ, ಬೀಟ್‌ರೂಟ್ ತಿಂದವರಲ್ಲಿಯೂ ಹೀಗಾಗುವುದುಂಟು. ಜಸ್ಟೀಷಿಯಾ ವೈನಾಡೆನ್ಸಿಸ್ ಎಂಬ ಈ ಗಿಡದ ಸಾರದಲ್ಲಿ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣವಿರುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆಯಾದರೂ, ಗಾಜಿನ ನಳಿಕೆಯ ಫಲಿತಾಂಶವನ್ನು ಮನುಷ್ಯರ ಮೇಲಿನ ಪರೀಕ್ಷೆಯೆಂದು ಎಣಿಸಲಾಗದು. ವರ್ಷಕ್ಕೊಮ್ಮೆ ಉಣ್ಣುವ ಪಾಯಸದ ತಲೆಮಾರುಗಳ ಅನುಭವವು ನಿತ್ಯಸೇವನೆಗೆ ಅನ್ವಯಿಸದು, ಏಕೆಂದರೆ ಯಕೃತ್ತು, ಮೂತ್ರಪಿಂಡಗಳಿಗೆ ನಿಧಾನವಾಗಿ ತಗಲಬಹುದಾದ ಹಾನಿಯನ್ನು ತಿಂಗಳುಗಟ್ಟಲೆ ನಡೆಸಿದ ಪರೀಕ್ಷೆಯೇ ತೋರಿಸಬೇಕು. ಮಧುಮೇಹಕ್ಕೆ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಒಣಸೊಪ್ಪಿನ ಡಬ್ಬಿ ತೆರೆಯಬಾರದು.