ಪ್ರವಾಸ ಪ್ರಶ್ನೋತ್ತರ: ಮರಳುಗುಡ್ಡದ ಬುಡದಲ್ಲೇ ಕಡಲು

ಪ್ರಶ್ನೆ: ನಮೀಬಿಯಾದ ವಾಲ್ವಿಸ್ ಬೇ ಪಟ್ಟಣದಲ್ಲಿ ತಂಗಿ, ಅಲ್ಲಿಂದ ಸ್ಯಾಂಡ್‌ವಿಚ್ ಹಾರ್ಬರ್‌ಗೆ ಒಂದು ದಿನದ ಮಟ್ಟಿಗೆ ಹೋಗಿಬರುವ ಯೋಚನೆಯಿದೆ. ಆರು ಮತ್ತು ಹನ್ನೊಂದು ವರ್ಷದ ಮಕ್ಕಳು ಜೊತೆಗಿರುತ್ತಾರೆ. ಫೋರ್ ವೀಲ್ ಡ್ರೈವ್ ವಾಹನವನ್ನು ಬಾಡಿಗೆಗೆ ಪಡೆದು ನಾನೇ ಓಡಿಸಬಹುದೆ? ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಚಲಿಸುತ್ತವಂತೆ. ಘಟ್ಟದ ರಸ್ತೆಗಳು ನನಗೆ ಚೆನ್ನಾಗಿ ರೂಢಿಯಿವೆ.

ಉತ್ತರ: ಎಡಬದಿಯ ಮಾತು ನಿಜ, ಆದರೆ ಆ ಅನುಕೂಲ ರಸ್ತೆ ಇರುವವರೆಗೆ ಮಾತ್ರ. ಈ ದಾರಿಯಲ್ಲಿ ನೀವು ಓಡಿಸಬೇಡಿ ಎಂದೇ ಹೇಳುತ್ತೇನೆ. ವಾಲ್ವಿಸ್ ಬೇಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರವಿರುವ ಈ ತಾಣವನ್ನು ಸಮೀಪಿಸುತ್ತಿದ್ದಂತೆ ಒಂದು ಮಗ್ಗುಲಿಗೆ ಕಡಿದಾದ ಮರಳುಗುಡ್ಡ, ಇನ್ನೊಂದು ಮಗ್ಗುಲಿಗೆ ಅಟ್ಲಾಂಟಿಕ್ ಸಾಗರ ಬರುತ್ತವೆ. ನಡುವೆ ಉಳಿಯುವುದು ಇಳಿತದ ಹೊತ್ತಿನಲ್ಲಿ ಮಾತ್ರ ತೆರೆದುಕೊಳ್ಳುವ ಒದ್ದೆ ಮರಳಿನ ಪಟ್ಟಿ. ಉಬ್ಬರ ಏರಿದಾಗ ಅಲೆಗಳು ಗುಡ್ಡದ ಬುಡಕ್ಕೇ ಬಡಿಯುತ್ತವೆ. ಆಗ ಅಲ್ಲಿ ಚಕ್ರ ಹೂತುಹೋದರೆ ವಾಹನವನ್ನು ಸಮುದ್ರಕ್ಕೆ ಬಿಟ್ಟು ಬರುವುದೊಂದೇ ಉಳಿಯುವ ದಾರಿ. ಮರಳುಗುಡ್ಡದ ಮೇಲಿನ ಚಾಲನೆಯನ್ನೂ ಉಪ್ಪುನೀರಿನಿಂದಾಗುವ ಹಾನಿಯನ್ನೂ ಬಾಡಿಗೆ ವಾಹನದ ವಿಮೆ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ ಎಂಬುದನ್ನೂ ನೆನಪಿಡಿ.

ಘಟ್ಟದ ಚಾಲನೆಯ ರೂಢಿ ಇಲ್ಲಿ ಉಪಯೋಗಕ್ಕೆ ಬರುವುದಿರಲಿ, ಕೆಲವೊಮ್ಮೆ ದಾರಿತಪ್ಪಿಸುತ್ತದೆ. ಮರಳಿಗಿಳಿಯುವ ಮುನ್ನ ಟೈರಿನ ಗಾಳಿಯನ್ನು ಸುಮಾರು 15 ಪಿಎಸ್‌ಐವರೆಗೆ ಇಳಿಸುತ್ತಾರೆ. ಟೈರು ಅಗಲವಾಗಿ ಹರಡಿ, ಭಾರ ಹಂಚಿಹೋಗಿ, ವಾಹನ ಮರಳಿನೊಳಗೆ ಇಳಿಯದೆ ಮೇಲೆ ತೇಲಿದಂತೆ ಸಾಗುತ್ತದೆ. ಗಾಳಿಯ ಮರೆಯಲ್ಲಿರುವ ಗುಡ್ಡದ ಮುಖವು 30 ಡಿಗ್ರಿಗೂ ಮೀರಿ ಇಳಿಜಾರಾಗಿರುತ್ತದೆ. ಅದನ್ನು ಕೆಳಗಿನ ಗೇರಿನಲ್ಲಿ ನೆಟ್ಟಗೆ ಇಳಿಯಬೇಕೇ ಹೊರತು ಅಡ್ಡಡ್ಡ ಇಳಿಯಬಾರದು. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಬ್ರೇಕ್ ತುಳಿಯುವುದಲ್ಲ, ಆ್ಯಕ್ಸಿಲರೇಟರನ್ನು ತುಸು ಒತ್ತಿ ನೇರ ಮಾಡಿಕೊಳ್ಳಬೇಕು. ಮಕ್ಕಳು ಹಿಂದೆ ಕುಳಿತು ಕಿರುಚುತ್ತಿರುವಾಗ ಕಲಿಯುವ ವಿದ್ಯೆ ಇದಲ್ಲ.

ಆದ್ದರಿಂದ ಚಾಲಕ ಮಾರ್ಗದರ್ಶಿಯಿರುವ ಪ್ರವಾಸವನ್ನೇ ಕಾಯ್ದಿರಿಸಿ. ಸ್ಯಾಂಡ್‌ವಿಚ್ ಹಾರ್ಬರ್ ನಮಿಬ್-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನದೊಳಗಿರುವುದರಿಂದ ಪ್ರವೇಶಕ್ಕೆ ಪರವಾನಗಿ ಬೇಕು. ಅದನ್ನು ಪ್ರವಾಸ ಸಂಸ್ಥೆಯವರೇ ಪಡೆದಿರುತ್ತಾರೆ. ದಿನಾಂಕ ನಿಗದಿ ಮಾಡುವ ಮೊದಲು ಅಂದಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ಜೋರಾಗಿರುತ್ತವೆ. ದಡದ ದಾರಿ ಮುಚ್ಚಿದ್ದರೆ ಚಾಲಕರು ಗುಡ್ಡಗಳ ಮೇಲಿನಿಂದಲೇ ನೋಟ ತೋರಿಸಿ ಕರೆತರುತ್ತಾರೆ. ಅದೂ ಸೊಗಸೇ, ಆದರೆ ಅಲೆಗೂ ಗುಡ್ಡಕ್ಕೂ ನಡುವೆ ಸಾಗುವ ಆ ಕೆಲವು ನಿಮಿಷಗಳಿಗಾಗಿಯೇ ಅಷ್ಟು ದೂರ ಹೋಗುವವರು ನೀವಾದರೆ ನಿರಾಸೆಯಾದೀತು. ಆರು ವರ್ಷದ ಮಗುವಿಗೆ ತಕ್ಕ ಆಸನವಿದೆಯೇ ಎಂದು ಮೊದಲೇ ಬರೆದು ಕೇಳಿ. ಇಲ್ಲವೆಂದರೆ ಬೇರೆ ಸಂಸ್ಥೆಯನ್ನು ಹುಡುಕಿ.

ಪ್ರಶ್ನೆ: ಮರುಭೂಮಿಯೆಂದ ಮೇಲೆ ತೆಳು ಹತ್ತಿಬಟ್ಟೆ ಸಾಕಲ್ಲವೆ? ಮಕ್ಕಳು ಸಮುದ್ರಸ್ನಾನ ಮಾಡಬಹುದೆ?

ಉತ್ತರ: ಸಾಲದು. ದಕ್ಷಿಣದಿಂದ ಹರಿದುಬರುವ ಬೆಂಗ್ವೇಲಾ ಎಂಬ ತಣ್ಣನೆಯ ಪ್ರವಾಹ ಈ ತೀರವನ್ನು ಸವರಿಕೊಂಡೇ ಸಾಗುತ್ತದೆ. ಅದರ ಮೇಲಿನ ಗಾಳಿ ತಣಿದು ಮಂಜಾಗುತ್ತದೆಯೇ ಹೊರತು ಮಳೆಯಾಗುವಷ್ಟು ಮೇಲೇರುವುದಿಲ್ಲ; ಕಡಲ ಪಕ್ಕದಲ್ಲೇ ಮರುಭೂಮಿ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ಬೆಳಗ್ಗೆ ಹೊರಡುವಾಗ ಸ್ವೆಟರ್ ಮತ್ತು ಗಾಳಿ ತಡೆಯುವ ಜಾಕೆಟ್ ಬೇಕು, ಮಧ್ಯಾಹ್ನದ ಹೊತ್ತಿಗೆ ಟೋಪಿ ಮತ್ತು ಕಪ್ಪು ಕನ್ನಡಕ ಬೇಕು. ಸ್ನಾನದ ಆಸೆ ಬಿಡಿ, ನೀರು ಕೊರೆಯುತ್ತದೆ, ಸೆಳೆತವೂ ಹೆಚ್ಚು.

ಅದರ ಬದಲು ಮಕ್ಕಳ ಕೈಗೊಂದು ಅಯಸ್ಕಾಂತ ಕೊಡಿ, ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿರಲಿ. ಇಲ್ಲಿನ ಮರಳಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳಿವೆ. ಅಯಸ್ಕಾಂತವನ್ನು ಮರಳಿನ ಮೇಲೆ ಎಳೆದರೆ ಕ್ಷಣದಲ್ಲಿ ಕರಿ ಗಡ್ಡ ಮೂಡಿ ನಿಮಿರುತ್ತದೆ. ಚೀಲ ಬಿಚ್ಚಿದೊಡನೆ ಉದುರಿಹೋಗುತ್ತದೆ. ಗುಡ್ಡಗಳ ಮೇಲೆ ಅಲ್ಲಲ್ಲಿ ಕಾಣುವ ನೇರಳೆಗೆಂಪು ಪಟ್ಟೆಗಳು ಗಾರ್ನೆಟ್ ಎಂಬ ಖನಿಜದ ಕಣಗಳವು. ವಾಲ್ವಿಸ್ ಬೇ ಲಗೂನಿನ (ಕಡಲಂಚಿನ ಆಳವಿಲ್ಲದ ಹಿನ್ನೀರಿನ) ಫ್ಲೆಮಿಂಗೊಗಳನ್ನೂ ಉಪ್ಪಿನ ಕಾರ್ಖಾನೆಯ ಗುಲಾಬಿ ಬಣ್ಣದ ಕೊಳಗಳನ್ನೂ ದಾರಿಯಲ್ಲೇ ನೋಡಬಹುದು.

ಪ್ರಶ್ನೆ: ನನ್ನ ತಾಯಿಗೆ ಅರವತ್ತೆಂಟು ವರ್ಷ, ಸೊಂಟನೋವಿದೆ. ಅವರನ್ನು ಕರೆದೊಯ್ಯಬಹುದೆ?

ಉತ್ತರ: ಗುಡ್ಡ ಹತ್ತಿಳಿಯುವ ಭಾಗಕ್ಕೆ ಬೇಡ. ಮುಂದಿನ ಆಸನದಲ್ಲಿ ಕುಲುಕಾಟ ಕಡಿಮೆ ಎಂಬುದು ನಿಜವಾದರೂ, ಗುಡ್ಡದ ನೆತ್ತಿ ದಾಟುವಾಗಿನ ಒಂದೇ ಕುಕ್ಕು ನೋವಿರುವ ಬೆನ್ನಿಗೆ ಸಾಕಾಗುತ್ತದೆ. ವಾಲ್ವಿಸ್ ಬೇಯಿಂದ ದೋಣಿವಿಹಾರಗಳಿವೆ; ಸೀಲ್‌ಗಳು, ಪೆಲಿಕನ್‌ಗಳು, ಅದೃಷ್ಟವಿದ್ದರೆ ಡಾಲ್ಫಿನ್‌ಗಳು ಕಾಣಸಿಗುತ್ತವೆ. ಬೆಳಗ್ಗೆ ದೋಣಿ, ಬಳಿಕ ಮರಳು ಎಂಬಂತೆ ಎರಡನ್ನೂ ಜೋಡಿಸಿದ ಪ್ರವಾಸಗಳೂ ದೊರೆಯುತ್ತವೆ. ಮೊದಲರ್ಧದಲ್ಲಿ ಎಲ್ಲರೂ ಜೊತೆಗಿದ್ದು, ಎರಡನೆಯದಕ್ಕೆ ಮನೆಯವರೊಬ್ಬರು ತಾಯಿಯವರೊಂದಿಗೆ ಉಳಿದು ಲಗೂನಿನ ದಂಡೆಯಲ್ಲಿ ಹಕ್ಕಿ ನೋಡುವುದು ನನಗೆ ಸರಿಯೆನಿಸುತ್ತದೆ. ವೈದ್ಯರು ಒಪ್ಪಿದರೂ ಈ ಸಲಹೆಯನ್ನು ನಾನು ಬದಲಿಸುವುದಿಲ್ಲ.

ಪ್ರಶ್ನೆ: ಶೌಚಾಲಯ? ಸಸ್ಯಾಹಾರ?

ಉತ್ತರ: ಪಟ್ಟಣ ಬಿಟ್ಟ ಮೇಲೆ ಶೌಚಾಲಯವನ್ನು ನಂಬಿಕೊಳ್ಳಬೇಡಿ, ಮಕ್ಕಳನ್ನು ಹೊರಡುವ ಮುನ್ನವೇ ಕಳುಹಿಸಿ, ಬಳಸಿದ ಕಾಗದವನ್ನು ಚೀಲದಲ್ಲಿ ಹಿಂದಕ್ಕೆ ತನ್ನಿ. ಗುಡ್ಡಗಳ ನಡುವೆ ಮೇಜು ಹಾಕಿ ಬಡಿಸುವ ಊಟದಲ್ಲಿ ಸ್ಥಳೀಯ ಸಿಂಪಿಮಾಂಸಕ್ಕೆ ಮೊದಲ ಮರ್ಯಾದೆ. ಸಸ್ಯಾಹಾರ ಬೇಕೆಂದು ಕಾಯ್ದಿರಿಸುವಾಗಲೇ ತಿಳಿಸಿ, ಮೀನು ಮತ್ತು ಕೋಳಿ ಕೂಡ ಬೇಡವೆಂಬುದನ್ನು ಬಿಡಿಸಿ ಬರೆಯಿರಿ.