ದೊಡ್ಡ ಚಕ್ರ ಹಾಕಿದರೆ ಎಲೆಕ್ಟ್ರಿಕ್ ಕಾರಿನ ರೇಂಜ್ ಕಡಿಮೆಯಾಗುತ್ತಾ?

ಹೌದು, ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ ಚೆನ್ನಾಗಿಯೇ ಕಡಿಮೆಯಾಗುತ್ತದೆ. ಹ್ಯುಂಡೈ ಅಯಾನಿಕ್ 6 ನೋಡಿ. 2023ರ ದೊಡ್ಡ ಬ್ಯಾಟರಿಯ, ಹಿಂಬದಿ ಚಕ್ರ ತಿರುಗಿಸುವ ಮಾದರಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಟ್ಟ ರೇಂಜ್ 18 ಇಂಚಿನ ಚಕ್ರದಲ್ಲಿ 361 ಮೈಲಿ, ಅಂದರೆ ಸುಮಾರು 581 ಕಿ.ಮೀ. 20 ಇಂಚಿನಲ್ಲಿ 305 ಮೈಲಿ, ಸುಮಾರು 491 ಕಿ.ಮೀ. ಬ್ಯಾಟರಿ ಮಾತ್ರ ಅದೇ! ಈ ಇಳಿಕೆಯಲ್ಲಿ 20 ಇಂಚಿನ ಮಾದರಿಯ ಹೆಚ್ಚುವರಿ ಒಳಗಿನ ಸೌಲಭ್ಯಗಳ ತೂಕವೂ ಸ್ವಲ್ಪ ಸೇರಿದೆ, ಆದರೆ ದೊಡ್ಡ ಪಾಲು ಚಕ್ರ, ಟೈರಿನದ್ದೇ. ಟೈರ್ ಅಗಲವಾದಷ್ಟೂ ಗಾಳಿಯ ತಡೆ ಜಾಸ್ತಿ. ಹಿಡಿತಕ್ಕೆಂದೇ ಮಾಡಿದ ರಬ್ಬರ್ ಉರುಳಲು ಹೆಚ್ಚು ಶಕ್ತಿ ತಿನ್ನುತ್ತದೆ.

ಲಾಭವೂ ಇದೆ. ದೊಡ್ಡ ಚಕ್ರದ ಟೈರಿನ ಗಿಡ್ಡ ಸೈಡ್‌ವಾಲ್ (ಪಕ್ಕದ ಗೋಡೆ) ಕಡಿಮೆ ಬಾಗುವುದರಿಂದ ತಿರುವಿನಲ್ಲಿ ಸ್ಟೀರಿಂಗ್ ಚುರುಕು. ಆದರೆ ಗುಂಡಿಗೆ ಇಳಿದಾಗ ಏಟು ಬೇಗ ರಿಮ್‌ಗೆ ತಟ್ಟುತ್ತದೆ. ಭಾರದ ಚಕ್ರವನ್ನು ಸಸ್ಪೆನ್ಷನ್ ಹತೋಟಿಯಲ್ಲಿಡುವುದೂ ಕಷ್ಟ. ನಮ್ಮ ರಸ್ತೆಗಳಿಗೆ ನಾನು ಚಿಕ್ಕ ಚಕ್ರವನ್ನೇ ಆರಿಸುತ್ತೇನೆ. ಅಲೈನ್‌ಮೆಂಟ್, ಗಾಳಿಯ ಒತ್ತಡ ಸರಿಯಿದೆಯಾ ಅಂತಲೂ ನೋಡಿಸಿ.